ಬಿಸಿಲಿಗೆ ಹಾಕಿದ ಗುರುತು

"ಯಾರೂ ಒಳಗ ಓಗ್ಬೇಡಿ. ಹೆಂಚು ಜಾರಿ ಬಿದ್ರೆ ತಲೆ ಒಡ್ದೋಯ್ತದ," ಎಂದು ಶಾಂತರಾಜು ಸೂರಿನ ಮೇಲಿಂದ ಕೂಗಿ ಹೇಳಿದ.

ಹೊಸಿಲೊಳಗೆ ಒಂದು ಕಾಲು ಇಟ್ಟಿದ್ದ ಧನುಶ್ರೀ ಅದನ್ನು ಹಿಂದಕ್ಕೆ ತೆಗೆದಳು. ಅವ್ವ ಅವಳ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡಳು. ಅಜ್ಜಿ ಪುಟ್ಟಗೌರಮ್ಮ ಆಗಲೇ ಹೊಂಗೆ ಮರದ ನೆರಳಲ್ಲಿ ಕೂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಎಷ್ಟು ಕತ್ತು ಎತ್ತಿದರೂ ಅವರಿಗೆ ಕಂಡದ್ದು ಶಾಂತರಾಜುವಿನ ಬೆನ್ನು ಮಾತ್ರ.

ಟಕ್. ಟಕ್. ಟಕ್.

"ಚೆಕ್ ಮಾಡ್ತಾವ್ನೆ," ಎಂದಳು ಅವ್ವ.

ಮೊನ್ನೆ ಸಂಜೆ ಕಾಮಗೆರೆಯಲ್ಲಿ ಭಾರಿ ಗಾಳಿ ಬೀಸಿತ್ತು. ಶಾಲೆಗೆ ಬೇಸಿಗೆ ರಜ ಇದ್ದದ್ದು ಪುಣ್ಯ. ಅದರ ತಗಡಿನ ಶೀಟೊಂದು ಹಾರಿ ಹನೂರಿನ ರಸ್ತೆಯ ನಡುವೆ ಬಿದ್ದು, ಬಸ್ಸುಗಳು ಸಾಲಾಗಿ ನಿಂತುಬಿಟ್ಟಿದ್ದವು. ಧನುಶ್ರೀಯ ಮನೆಗೆ ಅಂಥದ್ದೇನೂ ಆಗಿರಲಿಲ್ಲ. ಅಡುಗೆಮನೆಯ ಕಡೆ ನಾಲ್ಕು ಹೆಂಚು ಒಡೆದಿದ್ದವು, ಅಷ್ಟೆ. ಭಾನುವಾರ ಹೊಸ ಹೆಂಚು ತಂದು ಹಾಕುತ್ತೇನೆ ಎಂದು ಅಪ್ಪ ಹೇಳಿದ್ದ.

ಅಷ್ಟರಲ್ಲಿ ಈ ಶಾಂತರಾಜು ಬೈಕಿನಲ್ಲಿ ಬಂದಿದ್ದ. ಯಳಂದೂರಿನ ಕಡೆಯವನಂತೆ. ಗಾಳಿ ಬೀಸಿದ ಊರಿಗೆಲ್ಲ ಹೋಗಿ ಸೂರು ರಿಪೇರಿ ಮಾಡುತ್ತಾನಂತೆ. ಮೇಲೆ ಹತ್ತಿ ನೋಡುವುದಕ್ಕೆ ದುಡ್ಡು ಬೇಡ, ಏಣಿ ಕೊಟ್ಟರೆ ಸಾಕು ಎಂದಿದ್ದ. ಪುಕ್ಕಟೆಯಾಗಿ ನೋಡುತ್ತೇನೆ ಎನ್ನುವವನನ್ನು ಯಾರು ತಾನೇ ಬೇಡ ಎನ್ನುತ್ತಾರೆ?

ಧನುಶ್ರೀಗೂ ಆತ ಇಷ್ಟವಾಗಿದ್ದ. ಅವಳ ತಲೆಯ ಬಗ್ಗೆ ಯಾರೂ ಅಷ್ಟು ಕಾಳಜಿ ತೋರಿಸಿದ್ದಿಲ್ಲ. ಆತ ಇಳಿದು ಬಂದ ಕೂಡಲೇ ಅವಳು ಒಳಗೆ ಓಡಿ, ಒಂದು ಚೊಂಬು ನೀರು ತಂದು ಕೊಟ್ಟಳು. ಬರಿಯ ನೀರು ಕೊಡಬಾರದೆಂದು ಡಬ್ಬಿಯಲ್ಲಿ ಹುಡುಕಿ ಒಂದು ಚೂರು ಬೆಲ್ಲವನ್ನೂ ತಂದಿದ್ದಳು.

ಆತ ಬೆಲ್ಲ ಬಾಯಿಗೆ ಹಾಕಿಕೊಂಡು, ಒಡೆದ ಹೆಂಚೊಂದನ್ನು ಅವ್ವನ ಮುಂದೆ ಇಟ್ಟ.

"ನಾಕು ಹೆಂಚಲ್ಲ ಕಣಕ್ಕ, ಸೂರು ಪೂರ್ತಿ ಲಡ್ಡಾಗದ. ಇನ್ನೊಂದು ಮಳೆ ಬಂದ್ರೆ ಕುಸ್ದು ಬೀಳ್ತದ. ಮಗು ಮಲಗೋ ಮನೆ, ನೀವೇ ಯೋಚ್ನೆ ಮಾಡಿ."

ಹೆಂಚು, ಮರ ಎಲ್ಲ ಇಳಿಸಿ ತಗಡಿನ ಶೀಟು ಹಾಕಬೇಕಂತೆ. ಇಳಿಸಿದ ಹಳೇ ಮರವನ್ನೂ ಹೆಂಚನ್ನೂ ಆತನೇ ಸಾಗಿಸುತ್ತಾನಂತೆ. ನಾಳೆ ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟರೆ ಸರಿ, ಇಲ್ಲದಿದ್ದರೆ ಬೇರೆ ಊರಿನವರು ಕಾಯುತ್ತಿದ್ದಾರೆ ಎಂದು ಹೇಳಿ ಆತ ಬೈಕ್ ಹತ್ತಿದ.

ಅವ್ವ ಒಡೆದ ಹೆಂಚನ್ನೇ ನೋಡುತ್ತಾ ನಿಂತಳು. ಚೊಂಬು ಇಡಲು ಧನುಶ್ರೀ ಮತ್ತೆ ಒಳಗೆ ಹೋದಳು. ನಡುಮನೆಯಲ್ಲಿ ನಿಂತುಬಿಟ್ಟಳು.

ಗೋಡೆಯ ಮೇಲೆ, ರಾಗಿ ಡ್ರಮ್ಮಿನ ಮೇಲೆ, ಅಜ್ಜಿಯ ಚಾಪೆಯ ಮೇಲೆ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ಬಿದ್ದಿತ್ತು. ನಿನ್ನೆ ನಡುಮನೆಯಲ್ಲಿ ಬಿಸಿಲು ಇತ್ತೇ?

ನಿನ್ನೆಯ ಕತೆ ಹೇಳಬೇಕು. ಗಾಳಿ ಬೀಸಿದ ಮಾರನೆಯ ಬೆಳಗ್ಗೆ ಧನುಶ್ರೀ ಒಂದು ಜಾಣತನ ಮಾಡಿದ್ದಳು. ಒಡೆದ ಹೆಂಚಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಮಳೆ ಬಂದರೆ ಅಲ್ಲೇ ಸೋರುತ್ತದೆ ಎಂದು ಬೋಸಿ, ಬಕೆಟ್ ಎಲ್ಲ ತಂದು ಇಟ್ಟಿದ್ದಳು. ಅಜ್ಜಿ ಅದನ್ನು ನೋಡಿ ಕೆಮ್ಮು ಬರುವವರೆಗೆ ನಕ್ಕಿದ್ದಳು.

"ಬೆಳಗಿನ ಬಿಸ್ಲು ವಾರೆಯಾಗಿ ಬೀಳ್ತದ ಕಣ ಕೂಸೆ. ಮಳೆ ನೆಟ್ಟಗ ಬೀಳ್ತದ. ಮಟಮಟ ಮದ್ಯಾನ ಗುರುತಾಕು. ಈ ತಿಂಗ್ಳಲ್ಲಿ ಸೂರ್ಯ ನೆತ್ತಿ ಮ್ಯಾಲೇ ಬತ್ತಾನ."

ಧನುಶ್ರೀ ಹಳೇ ಗೆರೆ ಅಳಿಸಿ, ಮಧ್ಯಾಹ್ನ ಮತ್ತೆ ಹಾಕಿದ್ದಳು. ನಾಲ್ಕೇ ನಾಲ್ಕು ಗುರುತು. ನಾಲ್ಕೂ ಅಡುಗೆಮನೆಯಲ್ಲಿ.

ಈಗ ಅವಳು ಹೊರಗೆ ಹೋಗಿ ಅವ್ವನಿಗೆ, ನಡುಮನೆಯಲ್ಲೂ ಬಿಸಿಲು ಬೀಳುತ್ತಿದೆ ಎಂದು ಹೇಳಿದಳು.

"ಒತ್ತು ಇಳೀತಾ ಅದಲ್ಲ, ಬೀಳ್ತದ. ವಾರೆಯಾಗಿ ಬೀಳ್ತದ ಅಂತ ನಿಮ್ಮಜ್ಜಿನೇ ಯೋಳ್ಲಿಲ್ವಾ?" ಎಂದಳು ಅವ್ವ.

ಅದೂ ನಿಜವೇ. ದೊಡ್ಡವರು ಚಿಂತೆಯಲ್ಲಿದ್ದಾಗ ಹತ್ತು ವರ್ಷದವರ ಮಾತಿಗೆ ಎಷ್ಟು ಬೆಲೆ ಇರುತ್ತದೆ ಎನ್ನುವುದು ನಿಮಗೂ ಗೊತ್ತಿರುವುದೇ.

ಸಂಜೆ ಅಪ್ಪ ಮಾದೇಶ ಬಂದ. ಅವನು ಕೊಳ್ಳೇಗಾಲದಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದ. ಅವ್ವ ಎಲ್ಲ ಹೇಳಿದಳು. ಅಪ್ಪ ಒಡೆದ ಹೆಂಚನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಬೆಟ್ಟದ ಕಡೆ ಗುಡುಗಿತು. ಮೂವರು ದೊಡ್ಡವರೂ ಒಟ್ಟಿಗೇ ಸೂರಿನ ಕಡೆ ನೋಡಿದರು.

ಆಮೇಲೆ ಅವ್ವ ಕಿವಿಯ ಓಲೆ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ತೂತು ಮುಚ್ಚಿಹೋಗದಿರಲಿ ಎಂದು ಬೇವಿನ ಕಡ್ಡಿ ಮುರಿದು ಕಿವಿಗೆ ಚುಚ್ಚಿಕೊಂಡಳು. ಓಲೆ ಇಲ್ಲದ ಅವ್ವನ ಮುಖ ಬೇರೆ ಯಾರದೋ ಮುಖದಂತೆ ಕಂಡಿತು. ಧನುಶ್ರೀಗೆ ಅಳು ಬಂತು.

"ಅಪ್ಪ, ನಡುಮನೆಲಿ ನಿನ್ನೆ..." ಎಂದಳು.

"ಮನಿಕೊ ಮಗ. ನಾಳಿಕ್ಕೆ ಎಲ್ಲ ಸರಿ ಓಯ್ತದ," ಎಂದ ಅಪ್ಪ.

ಅವಳು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಭಯ. ತನ್ನದೇ ತಪ್ಪಾಗಿದ್ದರೆ? ತನ್ನ ಮಾತು ಕೇಳಿ ಅಪ್ಪ ರಿಪೇರಿ ಬೇಡ ಎಂದು, ಆಮೇಲೆ ಸೂರು ನಿಜವಾಗಿಯೂ ಅಜ್ಜಿಯ ಮೇಲೆ ಬಿದ್ದರೆ? ಅವಳು ಅಜ್ಜಿಯ ಪಕ್ಕ ಮಲಗಿ, ಅಜ್ಜಿಯ ಸೆರಗಿನ ತುದಿಯನ್ನು ಹಿಡಿದುಕೊಂಡಳು.

ಬೆಳಗ್ಗೆ ಅಪ್ಪ ಓಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಬಸ್ ಹತ್ತಿದ. ಕೊಳ್ಳೇಗಾಲದಲ್ಲಿ ಅದನ್ನು ಅಡವಿಟ್ಟು ಬರಬೇಕಿತ್ತು.

ಧನುಶ್ರೀಗೆ ಉಳಿದದ್ದು ಒಂದೇ ದಾರಿ. ಮಧ್ಯಾಹ್ನಕ್ಕೆ ಕಾಯಬೇಕು. ಸೂರ್ಯ ನೆತ್ತಿಗೆ ಬಂದಾಗ ಬಿಸಿಲು ತನ್ನ ಗುರುತಿನೊಳಗೆ ಬಿದ್ದರೆ, ಬೇರೆ ಎಲ್ಲೂ ಬೀಳದಿದ್ದರೆ, ಶಾಂತರಾಜು ಒಳ್ಳೆಯವನು. ಬೇರೆ ಕಡೆಯೂ ಬಿದ್ದರೆ ಏನು ಎಂದು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಆದರೆ ಹೊತ್ತು ಏರುತ್ತಿದ್ದ ಹಾಗೆ ಮೋಡವೂ ಏರಿತು. ಮನೆಯೊಳಗೆ ಎಲ್ಲೂ ಬಿಸಿಲಿಲ್ಲ. ಅವಳು ಅಂಗಳಕ್ಕೆ ಓಡಿ ಆಕಾಶ ನೋಡುವುದು, ಒಳಗೆ ಓಡಿ ನೆಲ ನೋಡುವುದು, ಇದೇ ಆಯಿತು. ಅವ್ವ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅಜ್ಜಿ ಬಂದು ಹೊಸಿಲ ಮೇಲೆ ಕೂತಳು.

"ಅದೇನ್ ಕಾಯ್ತಾ ಇದ್ದೀಯೆ ಕೂಸೆ?"

ಧನುಶ್ರೀ ತಡವರಿಸುತ್ತಾ ಎಲ್ಲ ಹೇಳಿದಳು. ಈ ಸಲ ಅಜ್ಜಿ ನಗಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಕೂತ್ಕೊ. ನಾನೂ ಕಾಯ್ತೀನಿ," ಎಂದಳು.

ಇಬ್ಬರೂ ಕೂತರು. ಮೋಡ ಅಲ್ಲಾಡುವ ಹಾಗೆ ಕಾಣಲಿಲ್ಲ. ಅಪ್ಪನ ಬಸ್ಸು ಎಷ್ಟು ಹೊತ್ತಿಗೆ ಕೊಳ್ಳೇಗಾಲ ತಲುಪಿರಬಹುದು ಎಂದು ಧನುಶ್ರೀ ಲೆಕ್ಕ ಹಾಕಿದಳು, ಆಮೇಲೆ ಲೆಕ್ಕ ಹಾಕುವುದನ್ನು ಬಿಟ್ಟಳು.

ಇದ್ದಕ್ಕಿದ್ದಂತೆ ಮನೆ ಬೆಳಗಿತು.

ಮೊದಲು ಅವಳು ಅಡುಗೆಮನೆಗೆ ಓಡಿದಳು. ಕಾವಲಿಗೆ ರೊಟ್ಟಿ ಕೂತ ಹಾಗೆ ನಾಲ್ಕು ಗುರುತಿನೊಳಗೂ ಬಿಸಿಲು ಸರಿಯಾಗಿ ಕೂತಿತ್ತು. ಅವಳ ಗುರುತು ತಪ್ಪಿರಲಿಲ್ಲ. ಆಮೇಲೆ ನಿಧಾನವಾಗಿ ನಡುಮನೆಯ ಕಡೆ ತಿರುಗಿದಳು.

ಎಣಿಸಬೇಕಾದ್ದೇ ಇರಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ನೆಲದ ಮೇಲೆ ಬಿಸಿಲಿನ ಬಿಲ್ಲೆಗಳು ಸಾಲಾಗಿ ಬಿದ್ದಿದ್ದವು. ಯಾವುದರ ಸುತ್ತಲೂ ಚಾಕ್‌ಪೀಸಿನ ಗೆರೆ ಇರಲಿಲ್ಲ. ನಿನ್ನೆ ಶಾಂತರಾಜು ಸೂರಿನ ಮೇಲೆ ನಡೆದದ್ದು ಅದೇ ಸಾಲಿನಲ್ಲಿ.

ಅಜ್ಜಿ ರಾಗಿ ಡ್ರಮ್ಮಿನ ಮುಚ್ಚಳವನ್ನು ಬೆರಳಿನಿಂದ ಸವರಿ ನೋಡಿದಳು. ಬೆರಳಿಗೆ ಕೆಂಪು ಪುಡಿ ಮೆತ್ತಿತು.

"ಗಾಳಿ ಬೀಸಿದ್ದು ಆಚೆ ಮೊನ್ನೆ. ನೆನ್ನೆ ಬೆಳಗ್ಗೆ ನಾನೇ ಇದನ್ನ ಒರ್ಸಿದ್ದೆ," ಎಂದಳು. ಆಮೇಲೆ ಬಾಗಿಲಿಗೆ ಹೋಗಿ, "ಯಶೋದಾ, ಕೆಲ್ಸ ಬುಟ್ಟು ಬಾ," ಎಂದು ಕರೆದಳು.

ಅವ್ವ ಒದ್ದೆ ಕೈಯಲ್ಲೇ ಬಂದಳು. ನಾಲ್ಕು ಗುರುತು ನೋಡಿದಳು. ಗುರುತಿಲ್ಲದ ಬಿಸಿಲು ನೋಡಿದಳು. ಕತ್ತೆತ್ತಿ ಮೇಲೆ ನೋಡಿದಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಸೀರೆಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು.

ರಿಂಗ್ ಆಯಿತು, ಆಯಿತು, ನಿಂತಿತು. ಅಪ್ಪ ಎತ್ತಲಿಲ್ಲ. ಅವ್ವ ಮತ್ತೆ ಮಾಡಿದಳು. ಈ ಸಲ ಅಪ್ಪನ ದನಿ ಕೇಳಿಸಿತು. ಅಂಗಡಿಯಲ್ಲಿ ಜನ ಜಾಸ್ತಿ, ಇನ್ನೂ ತನ್ನ ಸರದಿ ಬಂದಿಲ್ಲ ಎನ್ನುತ್ತಿದ್ದ.

"ಕೊಡ್ಬೇಡಿ. ಓಲೆ ತಕಂಡು ವಾಪಸ್ ಬನ್ನಿ," ಎಂದಳು ಅವ್ವ. "ಆ ಹೆಂಚು ಗಾಳಿಗೆ ಒಡ್ದಿಲ್ಲ. ಮನೆಗೆ ಬನ್ನಿ, ನಿಮ್ಮ ಮಗಳು ತೋರುಸ್ತಾಳೆ."

ಫೋನ್ ಇಟ್ಟು ಅವಳು ನಿಂತಲ್ಲೇ ಕುಸಿದು ಕೂತಳು. ಧನುಶ್ರೀಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಅವಳಿಂದ ಸೋಪಿನ ವಾಸನೆ ಬರುತ್ತಿತ್ತು. ಕಿವಿಯ ಬೇವಿನ ಕಡ್ಡಿ ಧನುಶ್ರೀಯ ಕೆನ್ನೆಗೆ ತಾಗಿತು.

ಆಗ ಕೇಳಿಸಿತು.

ಟಕ್. ಟಕ್.

ಶಬ್ದ ಹಿಂದಿನ ಬೀದಿಯಿಂದ ಬರುತ್ತಿತ್ತು. ಅಲ್ಲಿ ಇರುವುದು ರಾಚಮ್ಮನ ಮನೆ. ಗಾಳಿಯ ದಿನ ಒಂದೂ ಹೆಂಚು ಅಲುಗದೆ ಉಳಿದಿದ್ದ ಮನೆ. ಧನುಶ್ರೀ ಅವ್ವನ ಮಡಿಲಿನಿಂದ ಎದ್ದು ಓಡಿದಳು. ಚಪ್ಪಲಿ ಹಾಕಿಕೊಳ್ಳಲು ನೆನಪಾಗಲಿಲ್ಲ.

ರಾಚಮ್ಮ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ನಿನ್ನೆ ಅಜ್ಜಿ ನೋಡಿದ ಹಾಗೆಯೇ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ದೊಡ್ಡವ್ವ, ಒಳಗ ಬನ್ನಿ," ಎಂದು ಧನುಶ್ರೀ ಅವಳ ಕೈ ಹಿಡಿದು ಎಳೆದಳು.

"ಓಗ್ಬೇಡಿ ಅಂತಾವ್ನಲ್ಲ ಕೂಸೆ, ತಲೆ ಮ್ಯಾಲ್ ಬಿದ್ದಾತು."

"ಬಾಗ್ಲಲ್ಲಿ ನಿಂತ್ಕೊಂಡ್ರೆ ಸಾಕು. ಬನ್ನಿ ದೊಡ್ಡವ್ವ."

ಅವಳ ದನಿಯಲ್ಲಿ ಏನಿತ್ತೋ, ರಾಚಮ್ಮ ಬಂದಳು. ಇಬ್ಬರೂ ಹೊಸಿಲಲ್ಲಿ ನಿಂತರು. ಒಳಗೆ ತಂಪು ಕತ್ತಲೆ. ಗೋಡೆಯ ಪಕ್ಕ ಒಂದು ಮಂಚ, ಅದರ ಮೇಲೆ ಮಡಿಸಿಟ್ಟ ಕಂಬಳಿ.

ಟಕ್.

ಮೇಲಿಂದ ಸ್ವಲ್ಪ ಧೂಳು ಉದುರಿತು. ಕಂಬಳಿಯ ಮೇಲೆ ಬಿಸಿಲಿನ ಒಂದು ಬಿಲ್ಲೆ ಬಂದು ಕೂತಿತು.

ಟಕ್.

ಮಂಚದ ಪಕ್ಕ ನೆಲದ ಮೇಲೆ ಇನ್ನೊಂದು.

ಧನುಶ್ರೀಯ ಕೈ ಹಿಡಿದಿದ್ದ ರಾಚಮ್ಮನ ಕೈ ಬಿಗಿಯಾಯಿತು. ಅವಳು ಕೂಗಾಡಲಿಲ್ಲ. ಹೊರಗೆ ಹೋಗಿ, ಗೋಡೆಗೆ ಒರಗಿಸಿದ್ದ ತನ್ನ ಏಣಿಯನ್ನು ಮೆಲ್ಲಗೆ ಎತ್ತಿ, ನೆಲದ ಮೇಲೆ ಉದ್ದಕ್ಕೆ ಮಲಗಿಸಿದಳು.

ಸ್ವಲ್ಪ ಹೊತ್ತಿಗೆ ಮೇಲಿಂದ ಮಾತು ಬಂತು. "ಏಣಿ ಎಲ್ಲವ್ವ?"

"ಇಲ್ಲೇ ಅದ ಕಣಪ್ಪ. ನೀನು ಅಲ್ಲೇ ಕೂತಿರು. ಊರವ್ರನ್ನ ಕರ್ಕಬತ್ತೀನಿ," ಎಂದು ರಾಚಮ್ಮ ಬೀದಿಗೆ ಹೊರಟಳು.

ಧನುಶ್ರೀ ಹೊಸಿಲಲ್ಲೇ ನಿಂತಿದ್ದಳು. ಮೇಲೆ ಟಕ್ ಟಕ್ ನಿಂತಿತ್ತು. ನಿನ್ನೆ ಆತ ಎಲ್ಲರ ತಲೆಯ ಬಗ್ಗೆ ಅಷ್ಟೊಂದು ಕಾಳಜಿ ತೋರಿಸಿದ್ದು ಯಾಕೆಂದು ಅವಳಿಗೆ ಈಗ ಗೊತ್ತಾಯಿತು. ಬೆಲ್ಲದ ಚೂರು ನೆನಪಾಗಿ ಮುಖ ಬಿಸಿಯಾಯಿತು.

ಫ್ರಾಕಿನ ಜೇಬಿನಲ್ಲಿ ಚಾಕ್‌ಪೀಸಿನ ತುಂಡು ಇನ್ನೂ ಇತ್ತು. ಅವಳು ರಾಚಮ್ಮನ ಮಂಚವನ್ನು ಪಕ್ಕಕ್ಕೆ ತಳ್ಳಿದಳು. ಬಿಸಿಲು ಸರಿದುಹೋಗುವ ಮೊದಲೇ ಎರಡು ಬಿಲ್ಲೆಗಳ ಸುತ್ತಲೂ ಗೆರೆ ಎಳೆದು, ಅಡುಗೆಮನೆಯಿಂದ ಎರಡು ಬೋಸಿ ತಂದು ಅಲ್ಲಿ ಇಟ್ಟಳು. ಸಂಜೆಗೆ ಮಳೆ ಬರುವ ಹಾಗಿತ್ತು.