ಮುಳುಗದ ಹುಳ

ಸೋಮವಾರ ಬೆಳಿಗ್ಗೆ ಹೆಣವನ್ನು ಮೊದಲು ಕಂಡದ್ದು ಎಮ್ಮೆ ತೊಳೆಯಲು ಬಂದ ಮರಿಯಪ್ಪ. ಬೈರಾಪಟ್ಟಣದ ಹೊಳೆಯ ಮಡುವಿನಲ್ಲಿ, ಬಂಡೆಗೆ ಆತುಕೊಂಡು ಬೋರಲು ಬಿದ್ದಿತ್ತು. ದಡದಲ್ಲಿ ಗಾಳದ ಕೋಲು. ತುಸು ದೂರದಲ್ಲಿ ಒಂದೇ ಒಂದು ಚಪ್ಪಲಿ.

ಸಬ್ ಇನ್ಸ್‌ಪೆಕ್ಟರ್ ಮಮತಾ ಬರುವಷ್ಟರಲ್ಲಿ ಊರಿನವರು ತೀರ್ಪು ಕೊಟ್ಟಾಗಿತ್ತು.

“ಕಾಲು ಜಾರ್ಬುಟ್ಟೈತೆ ಕಣವ್ವ. ಬರೀ ಪಾಚಿ ಬಂಡೆ ಅದು,” ಎಂದ ಮರಿಯಪ್ಪ.

ಸತ್ತವನು ಸುಹೇಲ್. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಕೆಲಸ. ಬಿಡುವು ಸಿಕ್ಕರೆ ಹೊಳೆ. ಎರೆಹುಳ ಚುಚ್ಚಿ ಮೀನು ಹಿಡಿಯುವವನಲ್ಲ. ನೀರಿನ ತಳದಲ್ಲಿ ಹರಿದಾಡುವ ಮರಿಹುಳದಂಥದ್ದೇ ಒಂದನ್ನು ಕೈಯಾರೆ ಕಟ್ಟುತ್ತಿದ್ದ. ಕೊಕ್ಕೆಗೆ ಸೀಸದ ತಂತಿ, ಅದರ ಮೇಲೆ ರೇಷ್ಮೆ ಎಳೆ, ಕೋಳಿಯ ಪುಕ್ಕ, ತಲೆಗೊಂದು ಹಿತ್ತಾಳೆ ಮಣಿ. ಹಿಡಿದ ಗೆಂಡೆಮೀನನ್ನು ಸವರಿ ಮತ್ತೆ ನೀರಿಗೇ ಬಿಡುತ್ತಿದ್ದ. ಊರವರು ನಗುತ್ತಿದ್ದರು.

ತಲೆಯ ಹಿಂಬದಿ ಒಡೆದಿತ್ತು. ಜಾರಿ ಬಿದ್ದರೂ ಒಡೆಯಬಹುದು. ಅವನ ಬೈಕು ಏರಿಯ ಮೇಲಿತ್ತು. ಬೈಕಿನ ಬಾಕ್ಸಿಗೆ ಬೀಗ. ಬೀಗದ ಕೈ ಹೆಣದ ಜೇಬಿನಲ್ಲಿ. ಮಮತಾ ಬಾಕ್ಸ್ ತೆರೆಸಿದಳು. ಒಳಗೆ ಹುಳಗಳ ಡಬ್ಬಿ. ದಡದ ಕೋಲಿನ ದಾರಕ್ಕೆ ಕಟ್ಟಿದ್ದ ಹುಳವನ್ನೂ ಬಿಚ್ಚಿಸಿ ಇಟ್ಟುಕೊಂಡಳು.

* * *

ಸ್ಟೇಷನ್ನಿನ ಮೇಜಿನ ಮೇಲೆ ಒಂದು ಲೋಟ ನೀರು.

ಡಬ್ಬಿಯ ಹುಳವೊಂದನ್ನು ಮಮತಾ ನೀರಿಗೆ ಬಿಟ್ಟಳು. ಕಲ್ಲಿನ ಹಾಗೆ ತಳ ಸೇರಿತು. ಇನ್ನೊಂದು. ಅದೂ ಹಾಗೇ. ಕೊನೆಗೆ ದಾರದಲ್ಲಿ ಸಿಕ್ಕಿದ್ದನ್ನು ಬಿಟ್ಟಳು. ಅದು ಮುಳುಗಲೋ ಬೇಡವೋ ಎಂಬಂತೆ ಮೇಲೆಯೇ ತೂಗಾಡಿತು.

“ನೋಡಕ್ಕೆ ಒಂದೇ ಥರ ಐತಲ್ಲ ಮೇಡಂ,” ಎಂದ ಹೆಡ್ ಕಾನ್ಸ್‌ಟೇಬಲ್ ಮುನಿಶಾಮಯ್ಯ.

ಮಮತಾ ಅದರ ತಲೆಯನ್ನು ಉಗುರಿನಿಂದ ಕೆರೆದಳು. ಹೊಂಬಣ್ಣದ ಅರಗು ಎದ್ದು ಬಂತು. ಕೆಳಗೆ ಮರ. ಕೊಕ್ಕೆಯನ್ನು ಹೆಬ್ಬೆರಳಿಗೆ ಒತ್ತಿದಳು. ಚುಚ್ಚಲಿಲ್ಲ.

“ಮೊನೆ ಉಜ್ಜಿ ಮೊಂಡು ಮಾಡಿದಾರೆ. ಮೀನು ಹಿಡಿಯೋಕೆ ಮಾಡಿದ್ದಲ್ಲ ಇದು. ಸುಹೇಲ್ ಇದನ್ನ ಕೋಲಿಗೆ ಕಟ್ಟಿರಲ್ಲ. ಬೇರೆ ಯಾರೋ ಕಟ್ಟಿದಾರೆ.”

“ಹಂಗಾದ್ರೆ ಕೆಂಪರಾಜೂನೇ. ಹೋದ ವಾರ ಸುಹೇಲನ ಕೊರಳಪಟ್ಟಿ ಹಿಡ್ಕೊಂಡಿದ್ನಂತೆ.”

* * *

ಕೆಂಪರಾಜು ವಿರೂಪಾಕ್ಷಿಪುರದ ಕೆರೆಯ ಮೀನಿನ ಗುತ್ತಿಗೆದಾರ. ಕೇಳಿದ್ದೇ ಸಿಡುಕಿದ.

“ಹೂಂ, ಹಿಡ್ಕೊಂಡಿದ್ದೆ. ನಮ್ ಕೆರೇಲಿ ಗಾಳ ಹಾಕ್ದ, ಬೈದೆ. ಅದ್ಕೆ ಸಾಯಿಸ್ತಾರಾ? ಭಾನುವಾರ ಪೂರ್ತಿ ಕುದೂರಲ್ಲಿದ್ದೆ, ಬೀಗರ ಮನೆ ತಿಥಿ.”

ಮೊಬೈಲ್ ಚಾಚಿದ. ಪಂಕ್ತಿಯಲ್ಲಿ ಕೂತ ಫೋಟೊಗಳು. ಕುದೂರಿಗೆ ಫೋನ್ ಮಾಡಿದಾಗಲೂ ಮಾತು ಸರಿಹೋಯಿತು.

ಮಮತಾ ಜೀಪು ಹತ್ತುವಾಗ ಅವನೇ ಹಿಂದೆ ಬಂದ.

“ಮೇಡಂ, ಒಂದ್ ಮಾತು. ಆ ಮಡುವಲ್ಲಿ ಗಾಳ ಹಾಕಕ್ಕೆ ಅವನಿಗೇನ್ ತಲೆ ಕೆಟ್ಟಿತ್ತಾ? ಅಲ್ಲಿ ಒಂದ್ ಮೀನೂ ಇಲ್ಲ. ಯಾವನೋ ಜಿಲೆಟಿನ್ ಸಿಡಿಸಿ ಮರಿಪಿಳ್ಳೆ ಸಮೇತ ಕೊಂದವ್ನೆ. ಅದನ್ನ ನೋಡಿ ಸುಹೇಲು ದಡದಲ್ಲಿ ಕೂತು ಅತ್ತುಬುಟ್ಟ. ನಾನೇ ಕಂಡಿವ್ನಿ.”

ಜಿಲೆಟಿನ್ ಸಿಗುವುದು ಕಲ್ಲು ಕ್ವಾರಿಯಲ್ಲಿ.

* * *

ಸುಹೇಲನ ಮನೆಯ ಮುಂದೆ ಶಾಮಿಯಾನ. ಬಂದವರಿಗೆ ಕುರ್ಚಿ ಹಾಕುತ್ತಾ, ಕಣ್ಣೊರೆಸಿಕೊಳ್ಳುತ್ತಾ ಓಡಾಡುತ್ತಿದ್ದವನು ಸಾಬೀರ್, ಸುಹೇಲನ ಹೆಂಡತಿ ನಿಖಾತಳ ಅಣ್ಣ. ಕನಕಪುರದ ಕಡೆ ಟಿಪ್ಪರ್ ಓಡಿಸುತ್ತಾನೆಂದು ನೆರೆಯವರು ಹೇಳಿದರು. ಕ್ವಾರಿಯ ಟಿಪ್ಪರ್.

ಒಳಕೋಣೆಯಲ್ಲಿ ನಿಖಾತ್ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ತಾಯಿ ಬದ್ರುನ್ನೀಸಾ.

ಮಮತಾ ಅಂಗೈ ಚಾಚಿದಳು. “ಇದು ಯಾರದ್ದಮ್ಮಾ?”

ನಿಖಾತ್ ಹುಳವನ್ನು ನೋಡಿದಳು. ಕಣ್ಣು ಮುಚ್ಚಿಕೊಂಡಳು. “ಗೊತ್ತಿಲ್ಲ ಮೇಡಂ.”

ಬೀರುವಿನ ಬೀಗದ ಕೈಯಲ್ಲಿ ಅಂಥದ್ದೇ ಹುಳವೊಂದು ನೇತಾಡುತ್ತಿತ್ತು. ಮಮತಾ ಅದನ್ನು ಮುಟ್ಟಿದಳು. ಹೊಂಬಣ್ಣದ ಮರದ ಮಣಿ. ಮೊಂಡು ಕೊಕ್ಕೆ.

“ಚಂದಕ್ಕೆ ಮಾಡಿಕೊಟ್ಟಿದ್ರು,” ಎಂದಳು ನಿಖಾತ್, ನೆಲ ನೋಡುತ್ತಾ.

“ಇನ್ಯಾರಿಗೆ ಮಾಡಿಕೊಟ್ಟಿದ್ರು?”

ನಿಖಾತಳ ಕಣ್ಣು ಬಾಗಿಲಾಚೆ ಹೋಗಿ ಬಂತು. ಬದ್ರುನ್ನೀಸಾ ಮಗಳ ಮಣಿಕಟ್ಟು ಬಿಗಿಹಿಡಿದದ್ದನ್ನೂ ಮಮತಾ ಕಂಡಳು.

ಹೊರಗೆ ಬಂದು ಸಾಧಾರಣವಾಗಿ ಕೇಳಿದಳು.

“ಸಾಬೀರ್, ಬೈಕ್ ಕೀ ಕೊಡಿ. ಜೀಪಿಗೆ ಅಡ್ಡ ಇದೆ.”

ಅವನು ಯೋಚಿಸದೆ ಕೊಟ್ಟ. ಕೀಚೈನಿನ ಬಳೆಯಲ್ಲಿ ಕೀ ಒಂದೇ. ಪಕ್ಕದಲ್ಲಿ ಕಿತ್ತ ಕೆಂಪು ರೇಷ್ಮೆಯ ತುಂಡೆಳೆ. ನಿಖಾತಳ ಬೀಗದ ಕೈಗೆ ಹುಳ ಕಟ್ಟಿದ್ದೂ ಅದೇ ಎಳೆಯಲ್ಲಿ.

* * *

“ಮೀನಿಲ್ಲದ ಮಡುವಲ್ಲಿ ಅವನು ಗಾಳ ಹಾಕಲ್ಲ,” ಸ್ಟೇಷನ್ನಿನಲ್ಲಿ ಮಮತಾ ಒಂದೊಂದಾಗಿ ಹೇಳಿದಳು. “ಅವನು ಬಂದಿದ್ದು ನಿನ್ನ ಜೊತೆ ಜಿಲೆಟಿನ್ ವಿಷಯ ಮಾತಾಡೋಕೆ. ಬಿದ್ದ ಮೇಲೆ ಗಾಳ ಹಾಕ್ತಾ ಜಾರಿದ ಹಾಗೆ ಕಾಣ್ಬೇಕಿತ್ತು ನಿಂಗೆ. ಕೋಲು ಬೈಕಿಗೆ ಕಟ್ಟಿತ್ತು, ಬಿಚ್ಚಿಕೊಂಡೆ. ಹುಳದ ಡಬ್ಬಿಗೆ ಬೀಗ ಇತ್ತು. ನಿನ್ನ ಕೀನಲ್ಲಿದ್ದ ಹುಳಾನೇ ಕಿತ್ತು ಕಟ್ಟಿದೆ. ಎಲ್ಲಾ ಒಂದೇ ಥರ ಅಂದ್ಕೊಂಡೆ.”

ಸಾಬೀರ್ ಮೇಜಿನ ಮೇಲಿದ್ದ ಹುಳವನ್ನು ಬೆರಳಿನಿಂದ ಆಚೆ ಸರಿಸಿದ.

“ಎಲ್ಡ್ ಸಲ ಮದ್ದು ಹಾಕಿದ್ದೆ ಮೇಡಂ. ಇನ್ ಹಾಕಲ್ಲ ಅಂತ ಕಾಲ್ ಹಿಡ್ಕೊಂಡೆ. ‘ಹೋದ್ಸಲಾನೂ ಹಿಂಗೇ ಅಂದಿದ್ದೆ ಭಾಯಿ. ಅಲ್ಲಿ ಹೆಂಗಸ್ರು ಬಟ್ಟೆ ಒಗೀತಾರೆ. ನಾಳೆ ಸ್ಟೇಷನ್ನಿಗೆ ಹೋಗ್ತೀನಿ’ ಅಂದ. ಮೀನಿಗೋಸ್ಕರ ನನ್ನ ಜೈಲಿಗೆ ಹಾಕ್ತೀಯಾ ಅಂತ ತಳ್ಬುಟ್ಟೆ. ಅಷ್ಟೇ.”

“ಬಿದ್ದಾಗ ಜೀವ ಇತ್ತಾ?”



“ಕೈ ಆಡಿಸ್ತಿದ್ದ.”

“ನೀನೇನು ಮಾಡ್ತಿದ್ದೆ?”

“ಏರಿ ಹತ್ತಿ ಕೋಲು ತರಕ್ಕೆ ಹೋದೆ.”

ಬರೆದುಕೊಳ್ಳುತ್ತಿದ್ದ ಮುನಿಶಾಮಯ್ಯ ಪೆನ್ನು ನಿಲ್ಲಿಸಿ ಹೊರಗೆದ್ದು ಹೋದ.

* * *

ಮರುದಿನ ನಿಖಾತ್ ತಾನಾಗಿಯೇ ಸ್ಟೇಷನ್ನಿಗೆ ಬಂದಳು. ಹುಳ ಅಣ್ಣನದೇ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿದಳು. ಪೆನ್ನು ಕೆಳಗಿಟ್ಟ ಮೇಲೂ ಏಳಲಿಲ್ಲ.

“ಇವ್ರು ಕಂಪ್ಲೇಂಟ್ ಕೊಡೋ ವಿಷ್ಯ ಭಾಯಿಗೆ ಹೇಗೆ ಗೊತ್ತಾಯ್ತು ಅಂತ ಕೇಳಲ್ವಾ ಮೇಡಂ?”

ಮಮತಾ ತಲೆಯೆತ್ತಿದಳು.

“ನಾನೇ ಫೋನ್ ಮಾಡ್ದೆ. ಒಂದ್ಸಲ ಸಿಕ್ಕಿ ಮಾತಾಡು ಭಾಯಿ, ನಿನ್ ಮಾತು ಕೇಳ್ತಾರೆ ಅಂತ. ಇಬ್ರೂ ಉಳೀಲಿ ಅಂತ ಮಾಡ್ದೆ.”

ಅಷ್ಟರಲ್ಲಿ ಬದ್ರುನ್ನೀಸಾ ಟಿಫಿನ್ ಕ್ಯಾರಿಯರ್ ಹಿಡಿದು ಒಳಗೆ ಬಂದಳು. ನಿಖಾತ್ ಎದ್ದು “ಅಮ್ಮೀ” ಎಂದಳು.

“ಗಂಡ ಹೋದ. ಅಣ್ಣನ್ನೂ ಕಳ್ಸಿ ಆಯ್ತಲ್ಲ ನಿಂಗೆ?”

ಅಷ್ಟು ಹೇಳಿ ಮುದುಕಿ ಮಗಳನ್ನು ದಾಟಿ ಲಾಕಪ್ಪಿನ ಕಡೆ ನಡೆದಳು. ಕಂಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದು, ಅನ್ನಕ್ಕೆ ಸಾರು ಕಲಸತೊಡಗಿದಳು.