ದೋಣಿಯಿಂದ ಕಂಡ ಕೊಲೆ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಎಗ್ಯಾಕ್ರೋಮ್ ಠಾಣೆಯ ಮೆಟ್ಟಿಲು ಹತ್ತಿದವರು ಮೀನುಗಾರರ ಯಜಮಾನ ಅಮೀಸಾ. ಊರೆಲ್ಲ ಗೌರವದಿಂದ ‘ನಾನಾ’ ಎಂದು ಕರೆಯುವ ಹಿರಿಯರು. ಶನಿವಾರವಷ್ಟೇ ಕಡಲ ದಂಡೆಯಲ್ಲಿ ನಿಲ್ಲಿಸಿದ್ದ ಸ್ಮಾರಕದ ಕಲ್ಲನ್ನು ಯಾರೋ ಉಳಿ ಹಿಡಿದು ಹಾಳು ಮಾಡಿದ್ದಾರೆ ಎಂಬುದು ಅವರ ದೂರು. ನಲವತ್ಮೂರು ವರ್ಷಗಳ ಹಿಂದೆ, ಸೈನಿಕರ ಆಳ್ವಿಕೆಯಲ್ಲಿ, ಅದೇ ದಂಡೆಯಲ್ಲಿ ಗುಂಡೇಟು ತಿಂದು ಸತ್ತ ಜನನಾಯಕ ಬೈಡೂ ಅವರ ಸ್ಮಾರಕ ಅದು. ಅಳಿಸಿ ಹೋಗಿದ್ದು ಬೈಡೂ ಹೆಸರಲ್ಲ. ಅದರ ಕೆಳಗೆ ಕೊಲೆಗಾರನೆಂದು ಕೆತ್ತಿದ್ದ, ಗಲ್ಲಿಗೇರಿದ ಅವರ ಡ್ರೈವರ್ ಡಾಡ್ಜಿಯ ಹೆಸರು.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್‌ಸ್ಪೆಕ್ಟರ್ ಒಪೊಂಗ್ ಕೇಳಿದ.

“ಅನುಮಾನ ಏನ್ ಬಂತು? ಡಾಡ್ಜಿ ಮಗಳು, ಅರಬಾ. ಕೊಲೆ ಆದ ದಿನವೇ ಹುಟ್ಟಿದ ಅನಿಷ್ಟ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

ಒಪೊಂಗ್‌ಗೆ ಒಂದು ಚಾಳಿ ಇತ್ತು. ದೂರು ಕೊಡಲು ಬಂದವನನ್ನೇ ಮೊದಲು ಅನುಮಾನಿಸುವುದು. ಈ ಚಾಳಿಯಿಂದ ಎರಡು ಸಲ ಬಡ್ತಿ ತಪ್ಪಿತ್ತು, ಆದರೂ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ. ಡಾಡ್ಜಿಯನ್ನು ಗಲ್ಲಿಗೇರಿಸಿದ್ದು ಒಂದೇ ಒಂದು ಸಾಕ್ಷಿಯ ಮೇಲೆ, ಆ ಸಾಕ್ಷಿ ನೀವೇ ಅಲ್ಲವೇ ಎಂದು ಅವನು ಕೇಳಿದ. ನಾನಾ ಎದೆ ಉಬ್ಬಿಸಿ ಕುಳಿತರು.

“ನೋಡಿದ್ದು ನಾನೊಬ್ಬನೇ. ದೋಣೀಲಿದ್ದೆ, ಒಬ್ಬನೇ ಬಲೆ ಎಳೀತಿದ್ದೆ. ನೀರಿನ ಮೇಲಿಂದ ದಂಡೆ ಅಂಗೈ ಹಾಗೆ ಕಾಣುತ್ತೆ. ನೀವು ಒಳನಾಡಿನವರು, ನಿಮಗೆ ಕಡಲು ಏನ್ ಗೊತ್ತು ಬಿಡಿ.”

ಒಪೊಂಗ್ ಕುಮಾಸಿ ಕಡೆಯವನು, ಈ ಊರಿಗೆ ಬಂದು ಮೂರು ತಿಂಗಳು. ಮಾತು ಚುಚ್ಚಿತು, ಆದರೆ ಹೇಳಿಕೆಯನ್ನು ಹಾಗೆಯೇ ಬರೆದುಕೊಂಡು ಸಹಿ ಹಾಕಿಸಿದ. ಎಫ್‌ಐಆರ್ ದಾಖಲಾಯಿತು.

ಅರಬಾಳನ್ನು ಹುಡುಕುವುದೇ ಬೇಕಿರಲಿಲ್ಲ. ಮಣ್ಣಿನ ಒಲೆಯ ಮೇಲೆ ಮೀನು ಹೊಗೆಗಿಟ್ಟು ಕೂತಿದ್ದಳು. ಕಾನ್‌ಸ್ಟೆಬಲ್ ಎಸ್ಸುಮನ್ ಬಾಯಿ ಬಿಡುವ ಮೊದಲೇ ಒಲೆಯ ಹಿಂದಿನಿಂದ ಉಳಿ ತಂದು ಮುಂದಿಟ್ಟಳು. ಪಂಚನಾಮೆ ಮುಗಿಯಿತು.

“ಯಾಕಮ್ಮಾ ಹೀಗ್ಮಾಡ್ದೆ?” ಒಪೊಂಗ್ ಕೇಳಿದ.

“ನಮ್ಮಪ್ಪ ಆವತ್ತು ಮನೇಲಿದ್ದ. ಅಮ್ಮನಿಗೆ ಹೆರಿಗೆ ನೋವು ಅಂತ ರಜೆ ಕೇಳ್ಕೊಂಡು ಬಂದಿದ್ದ. ಹೆಂಡತಿ ಮಾತು ಅಂತ ಯಾರೂ ನಂಬಲಿಲ್ಲ.”

“ಇಷ್ಟು ವರ್ಷ ಸುಮ್ಮನಿದ್ದೆಯಲ್ಲಮ್ಮಾ.”

“ಬಾಯಲ್ಲಿ ಅಂದಿದ್ದನ್ನ ತಡ್ಕೊಂಡೆ ಸಾರ್. ಕಲ್ಲಲ್ಲಿ ಕೆತ್ತಿದ್ರೆ ನನ್ನ ಮೊಮ್ಮಕ್ಕಳೂ ಅವರ ಮೊಮ್ಮಕ್ಕಳೂ ಓದ್ತಾರೆ.”

ತಪ್ಪೊಪ್ಪಿಗೆ ಇತ್ತು, ಉಳಿ ಇತ್ತು. ಕೇಸು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ದೂರದ ದೋಣಿಯಿಂದ ಒಬ್ಬ ಮನುಷ್ಯನ ಮುಖ ಗುರುತು ಹಿಡಿಯಲು ಸಾಧ್ಯವೇ ಎಂಬುದು ಒಪೊಂಗ್‌ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಎಸ್ಸುಮನ್‌ನನ್ನು ಕರೆದುಕೊಂಡು, ಸ್ವತಃ ನೀರಿನಿಂದಲೇ ನೋಡೋಣವೆಂದು ದಂಡೆಗೆ ಹೋದ.

ದೋಣಿಗಳೆಲ್ಲ ಮರಳಿನ ಮೇಲಿದ್ದವು. ಗಂಡಸರೆಲ್ಲ ಸಾಲಾಗಿ ಕೂತು ಬಲೆ ಹೆಣೆಯುತ್ತಿದ್ದರು. ಸ್ವಲ್ಪ ದೂರ ಕರೆದೊಯ್ಯಿರಿ ಎಂದು ಒಪೊಂಗ್ ಕೇಳಿದ್ದೇ ತಡ, ನಗುವಿನ ಅಲೆ ಎದ್ದಿತು. ಯಾವನೋ ಒಬ್ಬ, ಸಾಹೇಬರಿಗೆ ಈಜು ಬಂದರೆ ಧಾರಾಳವಾಗಿ ಹೋಗಲಿ ಎಂದ.

“ಇವತ್ತು ಮಂಗಳವಾರ ಸಾರ್,” ಎಂದು ಹಿರಿಯ ದೋಣಿ ಮಾಲೀಕ ಫೈನೂ ಸಮಾಧಾನ ಹೇಳಿದ. “ಕಡಲಮ್ಮನ ದಿನ. ಚಿನ್ನ ಕೊಟ್ರೂ ಯಾವ ದೋಣೀನೂ ಇಳಿಯಲ್ಲ. ನಮ್ಮಜ್ಜನ ಕಾಲಕ್ಕೂ ಇಳಿದಿಲ್ಲ.”

ಇಳಿದರೆ ಏನಾಗುತ್ತದೆ ಎಂದು ಒಪೊಂಗ್ ಕೇಳಿದ. ಇದೇ ಕರಾವಳಿಯಲ್ಲಿ ಹುಟ್ಟಿ ಬೆಳೆದ ಎಸ್ಸುಮನ್ ದನಿ ತಗ್ಗಿಸಿ ವಿವರಿಸಿದ. ಅಂಥವನ ದೋಣಿ ಜಪ್ತಿ, ಕುರಿ ಬಲಿ, ಬಹಿಷ್ಕಾರ. ಆಮೇಲೆ ಯಾರ ಹೆಣ ದಂಡೆಗೆ ಬಂದರೂ ಅದರ ಪಾಪ ಅವನ ತಲೆಗೇ.

ಒಪೊಂಗ್ ಒಂದು ದೋಣಿಯ ಅಂಚಿನ ಮೇಲೆ ಕೂತುಬಿಟ್ಟ.

“ಎಸ್ಸುಮನ್, ಅರಬಾ ಅಂತ ಯಾವ ವಾರ ಹುಟ್ಟಿದ ಹೆಣ್ಣಿಗೆ ಹೆಸರಿಡ್ತೀರಿ?”

“ಮಂಗಳವಾರ ಸಾರ್. ನಿಮ್ಮ ಕಡೆ ಅಬೆನಾ ಅಂತಾರಲ್ಲ, ಅದೇ...” ಎಸ್ಸುಮನ್ ಮರಳಿನ ಮೇಲಿದ್ದ ದೋಣಿಗಳತ್ತ ತಿರುಗಿದ.

ಹೆಸರೊಂದನ್ನೇ ನಂಬುವ ಜಾಯಮಾನ ಒಪೊಂಗ್‌ನದಲ್ಲ. ಠಾಣೆಗೆ ಬಂದು ಕೊಲೆಯ ತಾರೀಕಿಗೆ ವಾರ ಲೆಕ್ಕ ಹಾಕಿದ, ಮಂಗಳವಾರವೇ. ರಾಜಧಾನಿ ಆಕ್ರಾಕ್ಕೆ ಫೋನ್ ಮಾಡಿ ಹಳೆಯ ವಿಚಾರಣೆಯ ಸಾಕ್ಷ್ಯ ಓದಿಸಿ ಕೇಳಿದ. ಅದೇ ದೋಣಿ, ಅದೇ ಬಲೆ. ಮುಚ್ಚಿದ ಕೋಣೆಯಲ್ಲಿ ಸೈನ್ಯದ ಅಧಿಕಾರಿಗಳ ಎದುರು ಆಡಿದ ಮಾತು ಅದು, ಅವರೆಲ್ಲ ಒಳನಾಡಿನವರು. ಆಮೇಲೆ ಇತಿಹಾಸ ಬರೆದವರು ತಾರೀಕು ಬರೆದರು, ವಾರ ನೋಡಲಿಲ್ಲ. ಊರಿನವರ ಮುಂದೆ ನಾನಾ ಇಷ್ಟು ವರ್ಷವೂ ‘ಕಣ್ಣಾರೆ ಕಂಡೆ’ ಎಂದಷ್ಟೇ ಹೇಳುತ್ತ ಬಂದಿದ್ದರು. ಎಲ್ಲಿಂದ ಕಂಡರೆಂದು ಯಾರೂ ಕೇಳಿರಲಿಲ್ಲ.

ಸಂಜೆ ನಾಲ್ಕಕ್ಕೆ ಒಪೊಂಗ್ ಕಲ್ಲಿನ ಬಳಿಗೇ ನಾನಾ ಅವರನ್ನು ಕರೆಸಿದ. ಪಂಚರಾಗಿ ಫೈನೂ ಮತ್ತು ಇನ್ನೊಬ್ಬ ದೋಣಿ ಮಾಲೀಕ ನಿಂತಿದ್ದರು. ಎಸ್ಸುಮನ್ ಹಿಂದಿನ ದಿನದ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ‘ದೋಣೀಲಿದ್ದೆ’ ಎಂಬ ಮಾತು ಬಂದಾಗ ಫೈನೂ ತಲೆ ಎತ್ತಿದ.

“ಸಹಿ ನಿಮ್ಮದೇನಾ?” ಒಪೊಂಗ್ ಕೇಳಿದ.

“ನಂದೇ.”

“ಕೊಲೆ ಆದ ದಿನವೇ ಅರಬಾ ಹುಟ್ಟಿದ್ದು?”

ನಾನಾ ಕಲ್ಲಿಗೆ ಕೈ ಊರಿದರು.

“ನಾನಾ, ಒಳನಾಡಿನವನು ನಾನು, ನನಗೆ ಕಡಲು ತಿಳಿಯದು. ನೀವೇ ಹೇಳಿ. ಆವತ್ತು ಮಂಗಳವಾರ. ನೀವು ಕಡಲಿಗೆ ಇಳಿದಿದ್ರಾ, ಇಲ್ಲ ಸುಳ್ಳು ಹೇಳಿದ್ರಾ?”

ನಾನಾ ಸುಳ್ಳು ಹೇಳಿದೆನೆಂದರೆ ಜೈಲು. ಇಳಿದಿದ್ದೆನೆಂದರೆ ಕಾನೂನು ಅವರನ್ನು ಮುಟ್ಟುತ್ತಿರಲಿಲ್ಲ. ಮುದುಕರು ಫೈನೂನ ಮುಖ ನೋಡಿದರು. ನೀರಿನ ಕಡೆ ನೋಡಿದರು.

“ಬರ್ಕೊಳ್ಳಪ್ಪ,” ಎಂದರು. “ಮಂಗಳವಾರ ನಾನು ಯಾವತ್ತೂ ನೀರಿಗೆ ಇಳಿದವನಲ್ಲ.”

ಒಪೊಂಗ್ ಬರೆದುಕೊಂಡು, ಅವರನ್ನು ಬಂಧಿಸಿದ. ಸುಳ್ಳು ಸಾಕ್ಷಿಯಿಂದ ಒಂದು ಪ್ರಾಣ ಹೋಗಿತ್ತು. ಕೊಂದವರು ಯಾರೆಂದು ನಾನಾಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿರಲಿಲ್ಲ. ಗುಂಡು ಹಾರಿದ ಮರುದಿನ ಸೈನಿಕರು ಅವರ ತಮ್ಮ ಕ್ವೇಕುವನ್ನು ಎಳೆದೊಯ್ದಿದ್ದರು. ಡಾಡ್ಜಿ ಕೊಂದದ್ದನ್ನು ನೋಡಿದೆ ಎನ್ನುವವನೊಬ್ಬ ಸಿಕ್ಕರೆ ಬಿಡುತ್ತೇವೆ ಎಂದಿದ್ದರು. ದಂಡೆಯಿಂದ ಕಂಡೆ ಎನ್ನುವಂತಿರಲಿಲ್ಲ. ಗುಂಡು ಹಾರಿದ್ದು ದಂಡೆಯ ಖಾಲಿ ತುದಿಯಲ್ಲಿ, ಆ ಹೊತ್ತಿಗೆ ನಾನಾ ಇನ್ನೊಂದು ತುದಿಯಲ್ಲಿ ಎಲ್ಲರ ಜೊತೆ ಬಲೆ ಹೆಣೆಯುತ್ತಿದ್ದರು, ಯಾರನ್ನು ಕೇಳಿದರೂ ಗುಟ್ಟು ರಟ್ಟಾಗುತ್ತಿತ್ತು. ಒಂಟಿಯಾಗಿರಬೇಕಾದರೆ ಕಡಲಿನಲ್ಲೇ ಇರಬೇಕಿತ್ತು. ಒಳನಾಡಿನವರು ನಂಬಿದರು. ಕ್ವೇಕು ಮನೆಗೆ ಬಂದ.

ಕಲ್ಲು ಕೆಡಿಸಿದ ಕೇಸು ಕೇಸೇ. ಅರಬಾ ಜಾಮೀನಿನ ಕಾಗದಕ್ಕೆ ಕಾಯುತ್ತ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ, ಕ್ವೇಕು ಅಣ್ಣನಿಗೆಂದು ಮೆಕ್ಕೆಜೋಳದ ಕೆಂಕಿ ಉಂಡೆ, ಹುರಿದ ಮೀನು ಕಟ್ಟಿಕೊಂಡು ಬಂದ. ತನ್ನ ಬಿಡುಗಡೆ ಹೇಗಾಗಿತ್ತೆಂದು ಅವನಿಗೂ ತಿಳಿದದ್ದು ಆವತ್ತೇ. ಬುತ್ತಿ ಹಿಡಿದು ಬಾಗಿಲಲ್ಲೇ ನಿಂತ, ಅವಳ ಮುಖ ನೋಡಲಾಗಲಿಲ್ಲ.

“ನಿಮಗೆಷ್ಟಾಯ್ತು ವಯಸ್ಸು?” ಅರಬಾ ಕೇಳಿದಳು.

“ಎಪ್ಪತ್ತೊಂದು, ಮಗಳೇ.”

“ನಮ್ಮಪ್ಪನಿಗೆ ಮೂವತ್ತಾಗಿತ್ತು.”

ಕ್ವೇಕು ಬುತ್ತಿಯನ್ನು ಅವಳ ಪಕ್ಕದ ಬೆಂಚಿನ ಮೇಲಿಟ್ಟ. ಒಳಗೆ ಹೋಗುವ ಧೈರ್ಯವಾಗದೆ ಅಲ್ಲೇ ನೆಲದ ಮೇಲೆ ಕೂತ.