ತೋರಿಕೆಯ ಗುಂಡಿಗಳು

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಬಸ್ ಕಂಡಕ್ಟರ್ ಒಬ್ಬ ಮುದುಕರೊಬ್ಬರ ಕೈಹಿಡಿದು ಠಾಣೆಯ ಮೆಟ್ಟಿಲು ಹತ್ತಿದ. ಕೊನೆಯ ನಿಲ್ದಾಣ ಬಂದರೂ ಅವರು ಇಳಿಯದೆ ಕೂತೇ ಇದ್ದರಂತೆ. ಹೆಸರು ಕೇಳಿದರೆ ನಗು, ಮನೆ ಕೇಳಿದರೂ ಅದೇ ನಗು.

"ಹತ್ತಿಸಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಒಬ್ಬ ಹೆಂಗಸು ಮೇಡಂ. ಸೀಟಲ್ಲಿ ಕೂರಿಸಿ, ಬಸ್ ಹೊರಡೋ ಹೊತ್ತಿಗೆ ಇಳಿದುಬಿಟ್ರು."

"ಮುಖ?"

"ಮಾಸ್ಕ್ ಹಾಕಿದ್ರು."

ಇನ್‌ಸ್ಪೆಕ್ಟರಮ್ಮನಿಗೆ ಕೋಪ ಸದಾ ಮೂಗಿನ ತುದಿಯಲ್ಲೇ. ಹೆತ್ತವರನ್ನೋ ಕಟ್ಟಿಕೊಂಡವರನ್ನೋ ಹೀಗೆ ಬಿಸಾಡಿ ಹೋದವರು ಸುಖವಾಗಿ ಮಧ್ಯಾಹ್ನದ ಊಟ ಮಾಡುವುದು ಅವರಿಗೆ ಸಹಿಸಲಾಗದ ಮಾತು. ಹನ್ನೊಂದು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. "ಕತ್ತಲಾಗೋದ್ರೊಳಗೆ ಹಿಡೀಬೇಕು," ಎಂದರು.

ಪಂಚನಾಮೆಗೆ ಕೂತವರು ದಫೇದಾರರು. ಮುದುಕರ ಅಂಗಿ ಬಿಚ್ಚಲು ಗುಂಡಿಯ ಜೊತೆ ಗುದ್ದಾಡಿ ಸೋತು, ಸುಮ್ಮನೆ ಎಳೆದರೆ ಪರ್ರನೆ ಬಿಚ್ಚಿಕೊಂಡಿತು.

"ಗುಂಡಿ ಬರೀ ತೋರಿಕೆಗೆ ಮೇಡಂ! ಒಳಗೆ ವೆಲ್ಕ್ರೋ."

ಕಾಲರಿನ ಲೇಬಲ್ಲನ್ನು ಬಟ್ಟೆಗೆ ಒಂದು ಗೀರೂ ಬೀಳದಂತೆ ಬಿಚ್ಚಿ ತೆಗೆಯಲಾಗಿತ್ತು. ಗುರುತು ಸಿಗದಿರಲೆಂದು ಅಷ್ಟು ಎಚ್ಚರ ವಹಿಸಿದವರು, ಒಳಜೇಬಿನಲ್ಲಿ ಮಾತ್ರ ಒಂದು ಚೀಟಿ ಇಟ್ಟಿದ್ದರು.

"ನೀರು ಬಣ್ಣದ ಲೋಟದಲ್ಲಿ ಕೊಡಿ, ಗಾಜಿನದು ಅವರಿಗೆ ಕಾಣುವುದಿಲ್ಲ. ಅಮ್ಮ ಎಲ್ಲಿ ಎಂದರೆ ಸತ್ತಳು ಎನ್ನಬೇಡಿ, ಪ್ರತಿ ಸಲ ಹೊಸದಾಗಿ ಅಳುತ್ತಾರೆ. ಸಂಜೆ ಐದಕ್ಕೆ ಭಯ ಶುರುವಾಗುತ್ತದೆ, ಮೊದಲೇ ದೀಪ ಹಾಕಿ."

ಬೆಳಗಿನಿಂದ ಗಾಜಿನ ಲೋಟ ಮುಟ್ಟದಿದ್ದ ಮುದುಕರು, ದಫೇದಾರರ ಫ್ಲಾಸ್ಕಿನ ಕೆಂಪು ಮುಚ್ಚಳದಲ್ಲಿ ಕೊಟ್ಟ ನೀರನ್ನು ಗಟಗಟನೆ ಕುಡಿದರು.

"ಬಿಟ್ಟು ಹೋಗೋರು ಇಷ್ಟೆಲ್ಲ ಬರೀತಾರಾ ಮೇಡಂ?"

"ಬರೆದದ್ದಕ್ಕೆ ಬಹುಮಾನ ಕೊಡೋಣ್ವಾ? ಜೀಪ್ ತೆಗೀರಿ."

ಹನ್ನೆರಡೂವರೆಗೆ ದೊಡ್ಡಾಸ್ಪತ್ರೆಯ ಮರೆವಿನ ಕಾಯಿಲೆಯ ವಿಭಾಗ. ಅಲ್ಲಿನ ನರ್ಸ್ ಅಂಗಿಯನ್ನೂ ಮುದುಕರ ಫೋಟೋವನ್ನೂ ನೋಡಿದವರೇ ಗುರುತು ಹಿಡಿದರು.

"ಇದನ್ನ ಹೊಲಿಯೋ ಹೆಂಗಸು ಒಬ್ರೇ. ನಮ್ಮ ರೋಗಿಗಳ ಎಂಟು ಹತ್ತು ಮನೆಯವರು ಅವರ ಹತ್ರಾನೇ ಹೊಲಿಸ್ತಾರೆ. ಫೋಟೋದಲ್ಲಿರೋದು ಅವರಪ್ಪಾನೇ, ಅವರೂ ಟೈಲರ್ ಆಗಿದ್ರು. ಗುಂಡಿ ಹಾಕೋದು ಮರೆತುಹೋಗಿದೆ, ಆದ್ರೆ ಗುಂಡಿ ಇಲ್ಲದ ಅಂಗಿ ತೊಡಲ್ಲ. ಅದಕ್ಕೇ ಈ ಉಪಾಯ."

"ಇಲ್ಲಿ ಸಹಾಯ ಕೇಳಿದ್ರಾ?"

"ಹಗಲು ಆರೈಕೆ ಕೇಂದ್ರಕ್ಕೆ ಹೆಸರು ಬರೆಸಿ ಏಳು ತಿಂಗಳಾಯ್ತು. ಸರದಿ ಬಂದಿಲ್ಲ."

"ಅಪ್ಪನಿಗೆ ಮಾತ್ರೆ ಬರ್ಕೊಡ್ತೀರಿ. ಮಗಳಿಗೆ?"

ನರ್ಸ್ ತಲೆ ತಗ್ಗಿಸಿದರು. "ನೀವು ಹೇಗಿದ್ದೀರಿ ಅಂತ ಅವರನ್ನ ಕೇಳೋಕೆ ನಮ್ಮ ಫಾರಂನಲ್ಲಿ ಜಾಗಾನೇ ಇಲ್ಲ ಮೇಡಂ."

ಎರಡೂಕಾಲು ಗಂಟೆಗೆ ಜೀಪು ಹೊಲಿಗೆ ಅಂಗಡಿಯ ಮುಂದೆ ನಿಂತಿತು. ಬಾಗಿಲು ತೆರೆದೇ ಇತ್ತು. ಮಗಳು ಮಷೀನಿನ ಮುಂದೆ ಕೈಕಟ್ಟಿ ಕೂತಿದ್ದಳು. ಖಾಕಿ ಕಂಡು ಬೆಚ್ಚಲಿಲ್ಲ.

"ನೀರು ಕುಡಿದ್ರಾ?" ಎಂದಳು.

"ಕುಡಿದ್ರು. ಲೇಬಲ್ ಬಿಚ್ಚಿದ್ದು ನೀವೇನಾ?"

"ನಾನೇ. ಗುರುತು ಸಿಕ್ಕಿದ್ರೆ ವಾಪಸ್ ಕರ್ಕೊಂಡು ಬರ್ತಾರೆ ಅಂತ."

"ಬರಬಾರದಾ?"

ಅವಳು ಬೀರುವಿನ ಮೇಲ್ತುದಿಯಲ್ಲಿ, ಸುಲಭಕ್ಕೆ ಕೈಗೆಟುಕದಂತೆ ಇಟ್ಟಿದ್ದ ದೊಡ್ಡ ಕತ್ತರಿಯತ್ತ ನೋಡಿದಳು.

"ನಿನ್ನೆ ಸ್ನಾನಕ್ಕೆ ಕರೆದೆ. ಕೆನ್ನೆಗೆ ಹೊಡೆದ್ರು. ಕೈಯಲ್ಲಿ ಕತ್ತರಿ ಇತ್ತು... ಎತ್ತಿಬಿಟ್ಟಿದ್ದೆ ಮೇಡಂ. ಅಪ್ಪ ನನ್ನನ್ನೇ ನೋಡಿ ನಗ್ತಾ ಇದ್ರು. ನನ್ನ ಹತ್ರ ಇದ್ರೆ ಅವರು ಉಳಿಯಲ್ಲ."

ಇನ್‌ಸ್ಪೆಕ್ಟರಮ್ಮನ ಕೋಪ ಅಲ್ಲೇ ತಣ್ಣಗಾಯಿತು. ಆದರೆ ಕೆಲಸ ಕೆಲಸವೇ. ಎರಡು ಐವತ್ತಕ್ಕೆ ಬಂಧನವಾಯಿತು.

ಠಾಣೆಯಲ್ಲಿ ಸಹಿ ಹಾಕಿದ ಮಗಳು ಬೆಂಚಿನ ಮೇಲೆ ಗೋಡೆಗೊರಗಿ, ಕೂತಲ್ಲೇ ನಿದ್ದೆಹೋದಳು. ಯಾರೂ ಎಬ್ಬಿಸಲಿಲ್ಲ. ಕೇಸ್ ಡೈರಿಯಲ್ಲಿ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: ಮೂರು ವರ್ಷದಿಂದ ಒಂದು ಪೂರ್ತಿ ರಾತ್ರಿಯ ನಿದ್ದೆಯಿಲ್ಲ, ತನ್ನ ಕೈಗೆ ತಾನೇ ಹೆದರಿದ್ದಾಳೆ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದರು.

"ನಾಳೆ ಒಂಬತ್ತಕ್ಕೆ ಇಬ್ಬರನ್ನೂ ಕರ್ಕೊಂಡು ಬರ್ತೀನಿ. ಎರಡು ಫೈಲ್ ಮಾಡಿಡಿ. ಸರದಿ ಗಿರದಿ ಅಂದ್ರೆ ನಾನು ಅಲ್ಲೇ ಕೂತ್ಕೋತೀನಿ."

ನಾಲ್ಕು ನಲವತ್ತಕ್ಕೆ ಅವರೇ ಎದ್ದು ಠಾಣೆಯ ದೀಪಗಳನ್ನೆಲ್ಲ ಹಾಕಿದರು. ಮುದುಕರು ಮೆಲ್ಲಗೆ ಬೆಂಚಿನ ಬಳಿ ಬಂದು, ಮಲಗಿದವಳ ಮುಖವನ್ನೇ ತುಂಬ ಹೊತ್ತು ನೋಡಿದರು.

"ಪಾಪ, ತುಂಬಾ ದಣಿದಿದೆ ಈ ಮಗು. ಇದಕ್ಕೆ ಮನೇಲಿ ಯಾರೂ ಇಲ್ವಾ?"

ದಫೇದಾರರು ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಇದ್ದಾರೆ ಯಜಮಾನ್ರೇ," ಎಂದರು ಇನ್‌ಸ್ಪೆಕ್ಟರ್. "ಅಪ್ಪ ಇದ್ದಾರೆ."

"ಹಾಗಾದ್ರೆ ಬೇಗ ಹೇಳಿ ಕಳಿಸಿ," ಎಂದು ಗದರಿದ ಮುದುಕರು, ಆ ಅಪ್ಪ ಬರುವ ತನಕ ಕಾಯಲು ಅವಳ ಪಕ್ಕದಲ್ಲೇ ಕೂತರು.